ಬಣ್ಣದ ಕೆಸು: ಅಮ್ಮನ ಕುಂಡದ ಹಿಂದಿನ 250 ವರ್ಷ

ಮೃಗಶಿರಾ ಮಳೆ ಹಿಡಿದು ನಾಲ್ಕು ದಿನ ಆಯ್ತು. ತೋಟದ ಬಸಿಗಾಲುವೆ ಬಿಡಿಸೋದು ಅರ್ಧಕ್ಕೆ ನಿಂತಿದೆ, ಆಳು ಸಿಕ್ಕಿಲ್ಲ. ಇವತ್ತು ಬೆಳಿಗ್ಗೆ ಕಾಫಿ ಕುಡಿದು ಹೊರಗೆ ಬಂದಾಗ ಜಗಲಿ ಕಟ್ಟೆಯ ಎರಡು ಕುಂಡದಲ್ಲಿ ಕೆಂಪು ಮೊಳಕೆ ಕಂಡಿತು. ಸುತ್ತಿಟ್ಟ ವೀಳ್ಯದೆಲೆ ಹಾಗೆ, ಬೆರಳಿನ ಅರ್ಧದಷ್ಟು. ಅಮ್ಮನನ್ನು ಕರೆದು ತೋರಿಸಿದೆ. ಬಗ್ಗಿ ನೋಡಿ, "ಎರಡು ಬಂತು. ಬಿಳಿದು ಬರಲಿಲ್ಲ" ಅಂದಳು. ಅಷ್ಟೇ. ಒಳಗೆ ಹೋದಳು.

ಬಿಳಿದು ಬರೋದಿಲ್ಲ. ಅದನ್ನು ಕೊಂದವನು ನಾನು. ಆ ಕತೆ ಹೇಳದೆ ಮುಂದಿನದು ಹೇಳೋದು ಸರಿಯಲ್ಲ.

ಮೂರು ವರ್ಷದ ಹಿಂದೆ ಪುಷ್ಯ ಮಾಸದಲ್ಲಿ ಮನೆಯಲ್ಲಿ ಒಂದು ಕಾರ್ಯ ಇತ್ತು. ಅಮ್ಮ ಅಕ್ಕನ ಮನೆಗೆ ಹೋಗಿದ್ದಳು. ಅಂಗಳ ಚೊಕ್ಕ ಮಾಡುವಾಗ ಬಚ್ಚಲ ಗೋಡೆ ಪಕ್ಕ ಹದಿನಾಲ್ಕು ಕುಂಡ ಇತ್ತು. ಒಂದರಲ್ಲೂ ಎಲೆ ಇಲ್ಲ, ಬರೀ ಒಣ ಮಣ್ಣು. ಗಿಡ ಸತ್ತಿದೆ ಅಂತ ಎಲ್ಲಾ ಎತ್ತಿ ಗೊಬ್ಬರದ ಗುಂಡಿಗೆ ಸುರಿದೆ. ಅಮ್ಮ ಬಂದವಳೇ ಕೇಳಿದಳು, "ಕುಂಡ ಎಲ್ಲಿ ಮಗಾ?"

"ಅದರಲ್ಲಿ ಏನೂ ಇರಲಿಲ್ವಲ್ಲ ಅಮ್ಮ."

"ಮಲಗಿತ್ತೋ ಮಾರಾಯ."

ಆಗಲೇ ಗುಂಡಿ ಕೆದಕಿದೆ. ಹಸಿ ಸಗಣಿಯ ಬಿಸಿಗೆ ಹೆಚ್ಚಿನ ಗಡ್ಡೆ ಕೊಳೆತು ಲೊಳೆ ಆಗಿತ್ತು. ಗುಂಡಿಯ ಅಂಚಿನ ಕಲ್ಲಿನ ಮೇಲೆ ಬಿದ್ದಿದ್ದ ಎರಡು ಮಾತ್ರ ಗಟ್ಟಿ ಸಿಕ್ಕಿತು. ಅವು ಕೆಂಪು ಬಣ್ಣದವು. ಅಮ್ಮ ಹಾಲುಕೆಸು ಅಂತ ಕರೀತಿದ್ದ ಬಿಳಿ ಜಾತಿ ಹೋಯ್ತು. ಮದುವೆಯಾಗಿ ಬಂದ ಮೊದಲ ವರ್ಷ ತವರಿಂದ ಸೀರೆ ತುಂಡಿನಲ್ಲಿ ಕಟ್ಟಿ ತಂದ ಗಡ್ಡೆ ಅದು. ಈಗ ಆ ತವರುಮನೆಯೂ ಮಾರಿಹೋಗಿದೆ.

ಹೋದದ್ದೇನು ಅಂತ ತಿಳಿಯೋಣ ಅಂತ ಆ ಗಿಡದ ಬಗ್ಗೆ ಓದೋಕೆ ಶುರು ಮಾಡಿದೆ. ಓದ್ತಾ ಹೋದ ಹಾಗೆ ಇದು ಗಡ್ಡೆ ಬೆಳೆಯುವ ರೈತರ ಕತೆಯೂ ಹೌದು ಅಂತ ಗೊತ್ತಾಯ್ತು. ಅದಕ್ಕೇ ಇಲ್ಲಿ ಬರೀತಿದ್ದೇನೆ.

ಮೊದಲು ಹೆಸರು. ನರ್ಸರಿಯಲ್ಲಿ ಇದಕ್ಕೆ ಕೆಲಾಡಿಯಂ ಅಂತಾರೆ. ನಮ್ಮ ಕಡೆ ಬಣ್ಣದ ಕೆಸು. ಈ ಹೆಸರಿನ ಬೇರು ಮಲಯ ಭಾಷೆಯ "ಕೆಲಾಡಿ" ಅನ್ನೋ ಪದ. ಅಲ್ಲಿ ಕೆಲಾಡಿ ಅಂದರೆ ನಾವು ಪತ್ರೊಡೆಗೆ ಬಳಸೋ ಕೆಸುವೇ. (ನಮ್ಮ ಕೆಳದಿಗೂ ಅದಕ್ಕೂ ಸಂಬಂಧ ಇಲ್ಲ. ಕಮೆಂಟಿನಲ್ಲಿ ಯಾರೂ ನಾಯಕರ ವಂಶಾವಳಿ ತರಬೇಡಿ!) 17ನೇ ಶತಮಾನದಲ್ಲಿ ಡಚ್ ಕಂಪನಿಯ ಕೆಲಸಕ್ಕೆ ಅಂಬಾನ್ ದ್ವೀಪಕ್ಕೆ ಬಂದು, ಅಲ್ಲೇ ಕಣ್ಣು ಕಳಕೊಂಡು, ಕುರುಡನಾಗಿಯೇ ಸಾವಿರಾರು ಪುಟದ ಗಿಡಮೂಲಿಕೆ ಗ್ರಂಥ ಬರೆಸಿದ ರಂಫಿಯಸ್ ಅನ್ನೋನು ಕೆಸುವಿನ ಜಾತಿಗೆ ಈ ಹೆಸರು ಬಳಸಿದ್ದ. ಆಮೇಲೆ ಫ್ರಾನ್ಸಿನ ಸಸ್ಯಶಾಸ್ತ್ರಿ ವಾಂತೆನಾ 1800ರ ಆಸುಪಾಸಿನಲ್ಲಿ ಅದೇ ಹೆಸರನ್ನು ಎತ್ತಿ ಈ ಬಣ್ಣದ ಗಿಡದ ಕುಲಕ್ಕೆ ಇಟ್ಟ. ಹೆಸರು ಹೋಗಿದ್ದು ನಮ್ಮ ಪೂರ್ವದ ಕಡೆಯಿಂದ. ಗಿಡ ಮಾತ್ರ ದಕ್ಷಿಣ ಅಮೆರಿಕದ್ದು, ಬ್ರೆಜಿಲ್ ಸುತ್ತಿನ ಕಾಡಿನದು. ಅಮೆಜಾನ್ ಕಡೆ ಜನ ಇಂಥ ಗಿಡಕ್ಕೆ "ತಜಾ" ಅಂತಾರೆ, ಮನೆಗೆ ಕಾವಲು ಅಂತ ಬಾಗಿಲ ಬಳಿ ನೆಡೋ ರೂಢಿ ಇದೆ.

ಆ ಕಾಡಿನ ಹವೆ ಸ್ವಲ್ಪ ಮಟ್ಟಿಗೆ ನಮ್ಮ ಮಲೆನಾಡಿನ ಥರವೇ. ಒಂದಷ್ಟು ತಿಂಗಳು ಮಳೆ, ಒಂದಷ್ಟು ತಿಂಗಳು ಒಣ. ಮಳೆಯಲ್ಲಿ ಎಲೆ ಬಿಟ್ಟು, ಒಣಗಾಲ ಬಂದಾಗ ಎಲೆಯಲ್ಲಿದ್ದದ್ದನ್ನೆಲ್ಲ ಗಡ್ಡೆಗೆ ಇಳಿಸಿಕೊಂಡು ಮಣ್ಣೊಳಗೆ ಮಲಗುತ್ತೆ. ನಮ್ಮ ಸುವರ್ಣಗಡ್ಡೆ, ಅರಿಸಿನ, ಶುಂಠಿ ಮಾಡೋದೂ ಅದನ್ನೇ. ಶುಂಠಿಯ ಎಲೆ ಒಣಗಿದಾಗ ನಾವು ಬೆಳೆ ಬಲಿತಿದೆ ಅಂತೀವಿ. ಅಂಥ ನಾನೇ ಅಮ್ಮನ ಕುಂಡ ನೋಡಿ ಸತ್ತಿದೆ ಅಂದೆ.

ಈ ನಿದ್ದೆಯ ಗುಣವೇ ಗಿಡವನ್ನು ಸಮುದ್ರ ದಾಟಿಸಿತು. ಆ ಕಾಲದ ಹಾಯಿ ಹಡಗಿನಲ್ಲಿ ಹಸಿ ಗಿಡ ಸಾಗಿಸೋದು ದೊಡ್ಡ ಪಾಡು. ಉಪ್ಪು ಗಾಳಿ, ತಿಂಗಳುಗಟ್ಟಲೆ ದಾರಿ, ಕುಡಿಯೋ ನೀರಿಗೇ ಲೆಕ್ಕ. ಲಂಡನ್ನಿನ ವೈದ್ಯ ವಾರ್ಡ್ ಗಾಜಿನ ಮುಚ್ಚು ಪೆಟ್ಟಿಗೆ ಕಂಡುಹಿಡಿದು 1833ರಲ್ಲಿ ಗಿಡಗಳನ್ನು ಸಿಡ್ನಿಗೆ ಜೀವಂತ ಕಳಿಸಿದ ಮೇಲೆ ಆ ಪಾಡು ಕಡಿಮೆಯಾಯ್ತು. ಬಣ್ಣದ ಕೆಸು ಅದಕ್ಕೂ ಅರವತ್ತು ವರ್ಷ ಮೊದಲೇ, 1773ರ ಹೊತ್ತಿಗೆ, ಇಂಗ್ಲೆಂಡ್ ಸೇರಿತ್ತು. ಒಣಗಿಸಿದ ಗಡ್ಡೆಗೆ ಮಣ್ಣೂ ಬೇಡ, ನೀರೂ ಬೇಡ. ಬೆಚ್ಚಗೆ ಒಣಗಿದ್ದ ಜಾಗ ಸಿಕ್ಕರೆ ತಿಂಗಳುಗಟ್ಟಲೆ ಹಾಗೇ ಇರುತ್ತೆ.

ಯುರೋಪಿನಲ್ಲಿ ಅದನ್ನು ಬದುಕಿಸೋದು ಮಾತ್ರ ಶ್ರೀಮಂತರ ಕೆಲಸವಾಗಿತ್ತು. ಚಳಿಗೆ ಆಗದ ಗಿಡ. ಕಲ್ಲಿದ್ದಲು ಉರಿಸಿ, ಕೊಳವೆಯಲ್ಲಿ ಬಿಸಿನೀರು ಹರಿಸಿ ಕಾಯಿಸೋ ಗಾಜಿನ ಮನೆ ಬೇಕು. ಬ್ರಿಟನ್ನಿನಲ್ಲಿ ಗಾಜಿಗೆ ತೆರಿಗೆ ಇತ್ತು, 1845ರಲ್ಲಿ ಅದನ್ನು ತೆಗೆದರು. ಗಾಜು ಅಗ್ಗವಾಯ್ತು, ಗಾಜಿನ ಮನೆ ಹೆಚ್ಚಿದವು, ಹೂವಿಗಿಂತ ಬಣ್ಣದ ಎಲೆಯ ಗಿಡ ಸಾಕೋ ಶೋಕಿ ಹಬ್ಬಿತು. ಕ್ರೋಟನ್, ಕೋಲಿಯಸ್, ಬಿಗೋನಿಯಾ, ಬಣ್ಣದ ಕೆಸು ಎಲ್ಲ ಆ ಕಾಲದಲ್ಲೇ ಮೇಲೆ ಬಂದವು.

ಅದೇ ಗಾಜಿನ ಮನೆ ಶೋಕಿಯ ಒಂದು ತುಂಡು ನಮ್ಮಲ್ಲಿಗೂ ಬಂತು. ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಅಡಿಗಲ್ಲು ಹಾಕಿದ್ದು. ಆಗ ತೋಟದ ಮೇಲ್ವಿಚಾರಕ ಜಾನ್ ಕ್ಯಾಮರಾನ್, ನಮಗೆ ಸೀಮೆಬದನೆ ತಂದು ಕೊಟ್ಟವನು ಅಂತ ಹೇಳೋ ಅದೇ ಮನುಷ್ಯ. ಲಂಡನ್ನಿನಲ್ಲಿ ಗಾಜು ಬೇಕಾಗಿದ್ದು ಚಳಿ ತಡೆಯೋಕೆ. ಬೆಂಗಳೂರಲ್ಲಿ ಅದು ಫಲಪುಷ್ಪ ಪ್ರದರ್ಶನದ ಚಪ್ಪರವಾಯ್ತು.

ಇನ್ನು ತಳಿ ಮಾಡಿದವರ ಕತೆ. ಬಣ್ಣದ ಕೆಸುವಿನ ನೂರಾರು ತಳಿಗಳ ಮೂಲ ಪ್ಯಾರಿಸ್ಸಿನ ಆಲ್ಫ್ರೆಡ್ ಬ್ಲೂ ಅನ್ನೋನ ಕೈಕೆಲಸ. 19ನೇ ಶತಮಾನದ ಎರಡನೇ ಅರ್ಧದಲ್ಲಿ ದಶಕಗಟ್ಟಲೆ ಕೂತು ಒಂದೊಂದೇ ಹೂವಿಗೆ ಪರಾಗ ಮುಟ್ಟಿಸಿದ. ಅದು ಯಾಕೆ ಕಷ್ಟ ಅಂತ ಅಡಿಕೆಯವರಿಗೆ ಬೇಗ ಅರ್ಥವಾಗುತ್ತೆ. ನಮ್ಮ ಸಿಂಗಾರದಲ್ಲಿ ಗಂಡುಹೂ ಮೊದಲು ಅರಳಿ ಉದುರಿದ ಮೇಲೆ ಹೆಣ್ಣುಹೂ ತಯಾರಾಗೋದು. ಕೆಸುವಿನಲ್ಲಿ ತಿರುಗಾ ಮುರುಗಾ. ಒಂದೇ ಕಡ್ಡಿಯಲ್ಲಿ ಕೆಳಗೆ ಹೆಣ್ಣು, ಮೇಲೆ ಗಂಡು. ಹೆಣ್ಣು ಮೊದಲು ತಯಾರು. ಮರುದಿನ ಮೇಲಿಂದ ಪರಾಗ ಉದುರುವಾಗ ಕೆಳಗಿನ ಹೆಣ್ಣಿನ ಹೊತ್ತು ಮುಗಿದಿರುತ್ತೆ. ಕಾಡಿನಲ್ಲಿ ಒಂದು ಜಾತಿ ದುಂಬಿ ಹೂವಿಂದ ಹೂವಿಗೆ ಓಡಾಡಿ ಈ ಕೆಲಸ ಮಾಡುತ್ತೆ. ಪ್ಯಾರಿಸ್ಸಿನಲ್ಲಿ ಆ ದುಂಬಿ ಕೆಲಸ ಮನುಷ್ಯನೇ ಮಾಡಬೇಕಾಯ್ತು. ಬ್ಲೂ ಮಾಡಿದ ತಳಿಗಳಲ್ಲಿ ಒಂದು "ಕ್ಯಾಂಡಿಡಮ್", 1868ರ ಸುಮಾರಿನದು. ಹಾಲು ಬಿಳಿ ಎಲೆ, ಅದರ ಮೇಲೆ ಹಸಿರು ನರ. ಒಂದೂವರೆ ಶತಮಾನ ಕಳೆದರೂ ಇವತ್ತಿಗೂ ಮಾರಾಟದಲ್ಲಿದೆ.

ಆ ವರ್ಣನೆ ಓದಿದ ದಿನ ಮೊಬೈಲಿನಲ್ಲಿ ಚಿತ್ರ ತೆಗೆದು ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿ ನೋಡಿ, "ಇದೇ ಅಲ್ವೇನೋ" ಅಂದಳು. ಅದೇ ಹೌದೋ ಅಲ್ಲವೋ, ಹೋಲಿಕೆಯಂತೂ ಇದೆ.

ಮುಂದಿನ ಅಧ್ಯಾಯ ಅಮೆರಿಕದ್ದು. 1893ರಲ್ಲಿ ಶಿಕಾಗೋದಲ್ಲಿ ದೊಡ್ಡ ವಿಶ್ವ ಮೇಳ ಆಯ್ತು. ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ಆ ಮೇಳದ ಜೊತೆಗೇ ನಡೆದದ್ದು. ಅಲ್ಲಿ ಬ್ರೆಜಿಲ್‌ನಿಂದ ಬಂದ ಬಣ್ಣದ ಕೆಸುಗಳನ್ನು ಇಟ್ಟಿದ್ದರು. ಅದನ್ನು ನೋಡಿ ಹೆನ್ರಿ ನೆರ್ಲಿಂಗ್ ಅನ್ನೋನಿಗೆ ಮನಸ್ಸು ನಿಂತಿತು. ಶಾಲಾ ಮಾಸ್ತರಿಕೆ ಮಾಡಿದವನು, ಹಕ್ಕಿಗಳ ಬಗ್ಗೆ ಪುಸ್ತಕ ಬರೆದವನು. ಫ್ಲೋರಿಡಾದ ಗೋಥಾ ಅನ್ನೋ ಹಳ್ಳಿಯಲ್ಲಿ ಮೊದಲೇ ಜಾಗ ತಗೊಂಡಿದ್ದ. ಅಲ್ಲಿ ಬಣ್ಣದ ಕೆಸು ಬೆಳೆಸಿ, ತಾನೇ ಕಟ್ಟಿ (ಹೂವಿಗೆ ಹೂ ಕಟ್ಟೋದು, ತಳಿ ಮಾಡೋದು), ನೂರಾರು ಹೊಸ ತಳಿ ತಂದ. ತಳಿಗಳಿಗೆ ಪರಿಚಯದವರ ಹೆಸರಿಟ್ಟ. 1917ರ ಚಳಿಗಾಲದಲ್ಲಿ ಭಾರೀ ಹಿಮ ಬಿದ್ದು ಗೋಥಾದ ತೋಟ ಸುಟ್ಟುಹೋಯ್ತು. ಆಗ ಅವನ ವಯಸ್ಸು ಅರವತ್ತು ದಾಟಿತ್ತು. ಆದರೂ ಇನ್ನೂ ದಕ್ಷಿಣಕ್ಕೆ, ನೇಪಲ್ಸ್ ಅನ್ನೋ ಊರಿಗೆ ಹೋಗಿ ಮತ್ತೆ ತೋಟ ಮಾಡಿದ. 1929ರಲ್ಲಿ ತೀರಿಕೊಂಡ. ಕೊಳೆ ಬಂದು ತೋಟ ಬೋಳಾದ ವರ್ಷ ಮತ್ತೆ ಸಸಿ ಮಡಿ ಮಾಡಿದವರು ನಮ್ಮಲ್ಲೂ ಇದ್ದಾರೆ, ಅವರಿಗೆ ಈ ಮನುಷ್ಯನ ಗುರುತು ಹೇಳಬೇಕಾಗಿಲ್ಲ.

ಅಲ್ಲಿಂದ ಇದು ಶೋಕಿಯಿಂದ ಬೆಳೆಯಾಯ್ತು. ಫ್ಲೋರಿಡಾದ ನಡುಭಾಗದಲ್ಲಿ ಲೇಕ್ ಪ್ಲಾಸಿಡ್ ಅಂತ ಒಂದು ಸಣ್ಣ ಪೇಟೆ. ಗ್ರಂಥಾಲಯದ ಪುಸ್ತಕಕ್ಕೆ ದಶಮಾಂಶ ಸಂಖ್ಯೆ ಹಾಕೋ ಪದ್ಧತಿ ಮಾಡಿದ ಮೆಲ್ವಿಲ್ ಡ್ಯೂಯಿ 1927ರಲ್ಲಿ ಆ ಊರಿಗೆ ಈ ಹೆಸರು ಹಾಕಿಸಿದ. 1940ರ ದಶಕದಲ್ಲಿ ಅಲ್ಲಿ ಬಣ್ಣದ ಕೆಸು ಹೊಲಕ್ಕೆ ಇಳಿಯಿತು. ಇವತ್ತು ಪ್ರಪಂಚದಲ್ಲಿ ಮಾರಾಟವಾಗೋ ಈ ಗಡ್ಡೆಯಲ್ಲಿ ಹೆಚ್ಚಿನ ಪಾಲು ಆ ಒಂದು ಊರಿನ ಸುತ್ತ ಕೆಲವೇ ಕುಟುಂಬಗಳು ಬೆಳೆಯೋದು. ಮಳೆಗಾಲದಲ್ಲಿ ಗದ್ದೆ ಪೂರ್ತಿ ಕೆಂಪು, ಗುಲಾಬಿ, ಬಿಳಿ ಪಟ್ಟಿ. ಊರಲ್ಲಿ ಹಬ್ಬವೇ ಮಾಡ್ತಾರೆ.

ಅವರ ಬೇಸಾಯ ಕ್ರಮ ಓದಿದರೆ ನಮ್ಮ ಶುಂಠಿ ಗದ್ದೆಯಲ್ಲೇ ನಿಂತ ಹಾಗಾಗುತ್ತೆ. ಕೆರೆಗಳ ಪಕ್ಕದ ಕಪ್ಪು ಮಣ್ಣು, ಸಾವಿರಾರು ವರ್ಷದ ಹುಲ್ಲು ಬೇರು ಕೊಳೆತು ಆದದ್ದು. ಗಡ್ಡೆಯನ್ನು ತುಂಡು ಮಾಡಿ, ತುಂಡಿಗೆ ಕನಿಷ್ಠ ಎರಡು ಕಣ್ಣು ಇರೋ ಹಾಗೆ ನೋಡಿ, ಅವರ ವಸಂತದಲ್ಲಿ ಅಂದರೆ ನಮ್ಮ ಯುಗಾದಿ ಹೊತ್ತಿಗೆ ನೆಡ್ತಾರೆ. ಕಾಲುವೆಯಲ್ಲಿ ನೀರು ನಿಲ್ಲಿಸಿ ತಳದಿಂದ ತೇವ ಕೊಡ್ತಾರೆ. ಎಲೆ ಬಿದ್ದ ಮೇಲೆ ನವೆಂಬರ್‌ನಿಂದ ಕಿತ್ತು, ತೊಳೆದು, ಗಾಳಿಯಲ್ಲಿ ಒಣಗಿಸಿ, ಅಡ್ಡಗಲ ನೋಡಿ ವಿಂಗಡ ಮಾಡ್ತಾರೆ. ಒಂದರಿಂದ ಒಂದೂವರೆ ಇಂಚು 2ನೇ ನಂಬರ್. ಎರಡೂವರೆವರೆಗೆ 1ನೇ ನಂಬರ್. ಅದರ ಮೇಲೆ ಮೂರೂವರೆವರೆಗೆ ಜಂಬೋ, ನಾಲ್ಕೂವರೆವರೆಗೆ ಮ್ಯಾಮತ್. ಅಡಿಕೆಯಲ್ಲಿ ರಾಶಿ, ಬೆಟ್ಟೆ ಬೇರೆ ಮಾಡೋ ನಮಗೆ ಇದೇನು ಹೊಸದಲ್ಲ.

ಅವರ ದೊಡ್ಡ ಶತ್ರು ಬೇರುಗಂಟು ಜಂತುಹುಳು. ನಮ್ಮ ಕಾಳುಮೆಣಸು, ಶುಂಠಿಗೆ ಬರೋ ಅದೇ ಬಳಗದ್ದು. ಗಡ್ಡೆ ಒಳಗೇ ಕೂತು ಮುಂದಿನ ವರ್ಷದ ಗದ್ದೆಗೆ ಹೋಗುತ್ತೆ. ಅಲ್ಲಿನ ಸಂಶೋಧಕರು 1960ರ ದಶಕದಲ್ಲಿ ಒಂದು ದಾರಿ ಕಂಡುಕೊಂಡರು. ಮಲಗಿರೋ ಗಡ್ಡೆಯನ್ನು 50 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 30 ನಿಮಿಷ ಇಟ್ಟರೆ ಹುಳು ಸಾಯುತ್ತೆ, ಗಡ್ಡೆ ಉಳಿಯುತ್ತೆ. ಇಲ್ಲೂ ಆ ನಿದ್ದೆಯೇ ಕಾಪಾಡೋದು. ಮೊಳಕೆ ಬಂದ ಗಡ್ಡೆಗೆ ಆ ಬಿಸಿ ತಡೆಯೋಕೆ ಆಗಲ್ಲ. (ಈ ಲೆಕ್ಕ ಈ ಗಡ್ಡೆಗೆ ಮಾತ್ರ. ಶುಂಠಿಗೆ ಹೀಗೇ ಮಾಡಬೇಡಿ, ಅದಕ್ಕೆ ಬೇರೆ ಲೆಕ್ಕ ಇದೆ, ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.)

ಇದನ್ನು ಓದುವಾಗ ನನಗೆ ಹೊಟ್ಟೆ ಉರಿಯಿತು, ಸುಳ್ಳು ಹೇಳಲ್ಲ. ಏಳು ವರ್ಷದ ಹಿಂದೆ ಒಂದೂವರೆ ಎಕರೆ ಗದ್ದೆ ಗೇಣಿಗೆ ಹಿಡಿದು ಶುಂಠಿ ಹಾಕಿದ್ದೆ. ಬೀಜ ಅಗ್ಗಕ್ಕೆ ಸಿಕ್ಕಿತು ಅಂತ ಒಬ್ಬ ದಲ್ಲಾಳಿ ಹತ್ತಿರ, ಅದು ಯಾವ ಗದ್ದೆಯದು ಅಂತ ಕೂಡ ಕೇಳದೆ ತಗೊಂಡೆ. ಆಶ್ಲೇಷ ಮಳೆ ಹೊತ್ತಿಗೆ ಮಡಿ ಮಡಿಯೇ ಹಳದಿಯಾಗಿ ಮಲಗಿತು. ಆ ಸಾಲ ತೀರೋಕೆ ಮೂರು ಅಡಿಕೆ ಕೊಯ್ಲು ಬೇಕಾಯ್ತು. ರೋಗ ಮಳೆಯಿಂದ ಬಂತು ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ಅದು ಬಂದದ್ದು ನಾನೇ ಹೊತ್ತು ತಂದ ಚೀಲದಲ್ಲಿ.

"ಹಾಗಾದ್ರೆ ಇದನ್ನ ನಾವೂ ಬೆಳೆಯಾಗಿ ಹಾಕಬಹುದಾ?" ಅಂತ ಕೇಳೋರಿಗೆ ನನ್ನ ಉತ್ತರ, ಆತುರ ಬೇಡ. ಲೇಕ್ ಪ್ಲಾಸಿಡ್‌ನವರಿಗೂ ಸುಖ ಇಲ್ಲ. 2004ರಲ್ಲಿ ಒಂದೇ ಹಂಗಾಮಿನಲ್ಲಿ ಚಾರ್ಲಿ, ಫ್ರಾನ್ಸಿಸ್, ಜೀನ್ ಅಂತ ಮೂರು ಚಂಡಮಾರುತ ಮಧ್ಯ ಫ್ಲೋರಿಡಾಕ್ಕೆ ಹೊಡೆದವು. ಮಣ್ಣಿಗೆ ಹಾಕ್ತಿದ್ದ ಮೀಥೈಲ್ ಬ್ರೋಮೈಡ್ ಅನಿಲ ಓಜೋನ್ ಪದರ ಹಾಳು ಮಾಡುತ್ತೆ ಅಂತ ನಿಂತುಹೋಯ್ತು, ಜಂತುಹುಳುವಿಗೆ ಬೇರೆ ದಾರಿ ಹುಡುಕಬೇಕಾಯ್ತು. ನೀರು ಬಸಿದ ಕಪ್ಪು ಮಣ್ಣು ವರ್ಷಾ ವರ್ಷಾ ಕರಗಿ ಕುಸಿಯುತ್ತೆ. ಎಲ್ಲಕ್ಕಿಂತ ಮುಖ್ಯ, ಅವರ ಹಿಂದೆ ಗಡ್ಡೆ ಕೊಳ್ಳೋ ದೊಡ್ಡ ಮಾರುಕಟ್ಟೆ ಇದೆ. ನಮ್ಮಲ್ಲಿ ನಾಲ್ಕು ನರ್ಸರಿ ಇದೆ. ಹೆಂಗಸರು ಮನೆ ಹತ್ತಿರ ನೂರು ಕುಂಡ ಮಾಡಿ ಸಂತೆಯಲ್ಲಿ, ಜಾತ್ರೆಯಲ್ಲಿ ಮಾರಿದರೆ ಕೈಖರ್ಚಿಗೆ ಆಗಬಹುದು. ಗದ್ದೆ ತೆಗೆದು ಹಾಕೋ ಬೆಳೆ ಅಲ್ಲ.

ಕುಂಡದಲ್ಲಿ ಸಾಕೋರಿಗೆ ಅಮ್ಮನ ಪದ್ಧತಿ, ನಾನು ಓದಿದ್ದನ್ನೂ ಸೇರಿಸಿ ಹೇಳ್ತೇನೆ.

ರೋಹಿಣಿ ಮಳೆ ಹೊತ್ತಿಗೆ ನೆಡಿ. ಮಣ್ಣು, ಹಳೇ ಗೊಬ್ಬರ, ಸ್ವಲ್ಪ ಮರಳು. ಕುಂಡದ ತಳದ ತೂತು ಮುಚ್ಚಿರಬಾರದು. ಗಡ್ಡೆಯ ಕಣ್ಣು ಮೇಲೆ ಮಾಡಿ, ಎರಡು ಇಂಚು ಮಣ್ಣು ಮುಚ್ಚಿ. ನಡುವಿನ ದೊಡ್ಡ ಕಣ್ಣನ್ನು ಚಾಕುವಿನ ಮೊನೆಯಲ್ಲಿ ತೆಗೆದರೆ ಸುತ್ತಿನ ಸಣ್ಣ ಕಣ್ಣೆಲ್ಲ ಎದ್ದು ಎಲೆ ಜಾಸ್ತಿ ಬರುತ್ತೆ, ಆದರೆ ಎಲೆಯ ಗಾತ್ರ ಸಣ್ಣ. ಮಧ್ಯಾಹ್ನದ ನೇರ ಬಿಸಿಲು ಬಿದ್ದರೆ ಎಲೆ ಸುಡುತ್ತೆ, ಕತ್ತಲೆಯಲ್ಲಿಟ್ಟರೆ ಬಣ್ಣ ಮಸುಕಾಗಿ ದಂಟು ಉದ್ದವಾಗಿ ಬಾಗುತ್ತೆ. ಅಡಿಕೆ ಮರದ ನೆರಳಿನಷ್ಟು ಬೆಳಕು ಸರಿ. ಜೋರು ಮಳೆಯಲ್ಲಿ ಮಾಡಿನ ನೀರು ಧಾರೆಯಾಗಿ ಬೀಳೋ ಜಾಗದಲ್ಲಿ ಇಡಬೇಡಿ.

ದೀಪಾವಳಿ ಕಳೆದ ಮೇಲೆ ಎಲೆ ಒಂದೊಂದೇ ಬಾಡುತ್ತೆ. ಇಲ್ಲೇ ಎಲ್ಲರೂ ತಪ್ಪೋದು. ಬಾಡಿತು ಅಂತ ಇನ್ನೂ ನೀರು ಹೊಯ್ಯಬೇಡಿ, ಕೊಳೆಯುತ್ತೆ. ನೀರು ಕಡಿಮೆ ಮಾಡ್ತಾ ಬಂದು ನಿಲ್ಲಿಸಿ. ಪೂರ್ತಿ ಒಣಗಿದ ಮೇಲೆ ಕಿತ್ತು, ಮಣ್ಣು ಕೊಡವಿ, ಮೆತ್ತಗಿದ್ದದ್ದನ್ನು ಬಿಸಾಡಿ, ಗಟ್ಟಿ ಇರೋದನ್ನು ನೆರಳಲ್ಲಿ ಒಂದು ವಾರ ಒಣಗಿಸಿ. ಅಮ್ಮ ಬಾಳೆ ಹಗ್ಗದ ಬುಟ್ಟಿಯಲ್ಲಿ ಹಾಕಿ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಡ್ತಾಳೆ. ಪುಸ್ತಕದಲ್ಲಿ 16 ಡಿಗ್ರಿಗಿಂತ ಕೆಳಗೆ ಹೋಗಬಾರದು ಅಂತಿದೆ. ಪುಷ್ಯದ ಚಳಿಯಲ್ಲಿ ನಮ್ಮ ಮನೆಯಲ್ಲಿ ಆ ಬೆಚ್ಚಗೆ ಇರೋ ಜಾಗ ಬಚ್ಚಲ ಅಟ್ಟ ಒಂದೇ. ಅಮ್ಮನ ಹತ್ತಿರ ಥರ್ಮಾಮೀಟರ್ ಇರಲಿಲ್ಲ. ಕುಂಡದಲ್ಲೇ ಬಿಡೋದಾದರೆ ಒಂದು ಕೋಲು ಚುಚ್ಚಿ ಹೆಸರು ಬರೆದಿಡಿ, ನನ್ನಂಥವನು ಮನೆಯಲ್ಲಿ ಇದ್ದೇ ಇರ್ತಾನೆ.

ಒಂದು ಎಚ್ಚರಿಕೆ. ಇದು ತಿನ್ನೋ ಕೆಸು ಅಲ್ಲ. ಎಲೆ, ದಂಟು, ಗಡ್ಡೆ ಎಲ್ಲದರಲ್ಲೂ ಸೂಜಿಯಂಥ ಸುಣ್ಣದ ಹರಳು ತುಂಬಿರುತ್ತೆ. ಊಟದ ಕೆಸುವಿನಲ್ಲೂ ಇದೆ, ಅದನ್ನು ಚೆನ್ನಾಗಿ ಬೇಯಿಸಿ, ಹುಳಿ ಹಾಕಿ ಕರಕಲಿ ಮಾಡಿ ತಿಂತೀವಿ. ಹುಳಿ ಹಾಕಿದರೆ ಇದೂ ಆಗುತ್ತೆ ಅಂತ ಪ್ರಯೋಗಕ್ಕೆ ಇಳಿಯಬೇಡಿ. ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತೆ. ಹೋದ ವರ್ಷ ಪತ್ರೊಡೆಗೆ ಎಲೆ ಕೊಯ್ಯಲು ಹೋದ ತಂಗಿಯ ಮಗಳು ಚಂದ ಇದೆ ಅಂತ ಎರಡು ಬಣ್ಣದ ಎಲೆಯನ್ನೂ ಸೇರಿಸಿ ತಂದಿದ್ದಳು. ಅಮ್ಮ ಎಲೆ ಒರೆಸುವಾಗ ಕಂಡಳು, ಬಚಾವ್. ಸಣ್ಣ ಮಕ್ಕಳು, ನಾಯಿ, ಕರು ಇರೋ ಮನೆಯಲ್ಲಿ ಎತ್ತರದಲ್ಲಿ ಇಡಿ.

ಕೊನೆಗೆ ಒಂದು ಕೇಳಿಕೆ. ನಿಮ್ಮಲ್ಲಿ ಯಾರ ಮನೆ ಹಿತ್ತಿಲಲ್ಲಾದರೂ, ಬಾವಿಕಟ್ಟೆ ಹತ್ತಿರವಾದರೂ, ಬಿಳಿ ಎಲೆಗೆ ಹಸಿರು ನರ ಇರೋ ಕೆಸು ಇದ್ದರೆ ಒಂದು ಫೋಟೋ ಹಾಕಿ. ಹೊಸದಾಗಿ ನರ್ಸರಿಯಿಂದ ತಂದದ್ದಲ್ಲ, ಅಜ್ಜಿ ಕಾಲದಿಂದ ಬಂದದ್ದು ಬೇಕು. ಈಗ ಕೀಳಬೇಡಿ, ಎಲೆ ಇರುವಾಗ ಕಿತ್ತರೆ ಗಡ್ಡೆ ಬಲಿಯಲ್ಲ. ಕಾರ್ತಿಕ ಕಳೆದು ಎಲೆ ಬಿದ್ದ ಮೇಲೆ ನಾನೇ ಬಂದು ತಗೊಂಡು ಹೋಗ್ತೇನೆ. ಬದಲಿಗೆ ಕೆಂಪಿನ ಗಡ್ಡೆ ಕೊಡ್ತೇನೆ, ನಮ್ಮ ಮರಗೆಸವೂ ಇದೆ. ಅಮ್ಮನಿಗೆ ಈಗ ಎಪ್ಪತ್ತೆಂಟು. ಮುಂದಿನ ಮೃಗಶಿರಾಕ್ಕೆ ಆ ಕುಂಡದಲ್ಲಿ ಬಿಳಿ ಮೊಳಕೆ ಕಾಣಬೇಕು ಅಂತ ಆಸೆ.